ತಣ್ಣಗಿದ್ದಾಗಲೇ ಕೈಕೊಡುತ್ತಿದ್ದ ಪವರ್ ಸಪ್ಲೈ

ದಿನಾ ಬೆಳಿಗ್ಗೆ ಒಂದೇ ಕಥೆ. ಕಂಪ್ಯೂಟರ್ ಆನ್ ಮಾಡಿ, ವಿಡಿಯೊ ಒಂದನ್ನು ರೆಂಡರಿಂಗ್‌ಗೆ ಹಾಕಿ ಎದ್ದು ಹೋಗುತ್ತಿದ್ದೆ. ವಾಪಸ್ ಬಂದು ನೋಡಿದರೆ ಪರದೆ ಪಾಸ್‌ವರ್ಡ್ ಕೇಳುತ್ತಾ ಕೂತಿರುತ್ತಿತ್ತು. ಅಂದರೆ ನಾನಿಲ್ಲದಾಗ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗಿದೆ. ಇನ್ನೊಮ್ಮೆ ರೆಂಡರ್ ಶುರು ಮಾಡಿದರೆ ಕೆಲವೊಮ್ಮೆ ಎರಡನೇ ಸಲವೂ ಹಾಗೇ. ಅಷ್ಟಾದ ಮೇಲೆ ರಾತ್ರಿವರೆಗೂ ಎಂಥ ಕೆಲಸ ಕೊಟ್ಟರೂ ಅಲುಗಾಡುತ್ತಿರಲಿಲ್ಲ. ಈ ಕೊನೆಯ ಮಾತಿಗೆ ನಾನು ಆಗ ಬೆಲೆ ಕೊಡಲಿಲ್ಲ. ಕೊಟ್ಟಿದ್ದರೆ ಎರಡು ವಾರ ಉಳಿಯುತ್ತಿತ್ತು.

ವಿಂಡೋಸ್‌ನ ಈವೆಂಟ್ ಲಾಗ್‌ನಲ್ಲಿ ಪ್ರತಿ ಸಲವೂ ‘ಕರ್ನಲ್ ಪವರ್ 41’ ಎಂಬ ಸಾಲು ಬಿದ್ದಿರುತ್ತಿತ್ತು. ಹೆಸರಲ್ಲಿ ಪವರ್ ಇದೆ ಅಂತ ಪವರ್ ಸಪ್ಲೈಯದೇ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿಕೊಡುವ ಡಬ್ಬಿಯದೇ, ತಪ್ಪು ಅನ್ನುವ ಹಾಗಿಲ್ಲ. ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ, ಅಷ್ಟೇ ಅದರ ಅರ್ಥ. ರ‍್ಯಾಮನ್ನು ಒಂದು ರಾತ್ರಿ ಪೂರ್ತಿ ಪರೀಕ್ಷೆಗೆ ಹಾಕಿದೆ, ಒಂದು ದೋಷವೂ ಬರಲಿಲ್ಲ. ಪ್ರೊಸೆಸರಿನ ಬಿಸಿ ಮಿತಿಯೊಳಗೇ ಇತ್ತು. ಗ್ರಾಫಿಕ್ಸ್ ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ದಿನ ಓಡಿಸಿದೆ, ಅಲ್ಲೂ ತಕರಾರಿಲ್ಲ. ಉಳಿದದ್ದು ಏಳು ವರ್ಷ ಹಳೆಯ ಪವರ್ ಸಪ್ಲೈ. 550 ವ್ಯಾಟಿನದು, ಮೇಲೆ 80 ಪ್ಲಸ್ ಗೋಲ್ಡ್ ಮುದ್ರೆ, ಅಂದರೆ ಕರೆಂಟ್ ಪೋಲು ಮಾಡುವುದು ಕಡಿಮೆ ಅನ್ನುವ ಗುರುತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. 24 ಪಿನ್ ಕನೆಕ್ಟರಿನ ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ಕ್ಲಿಪ್ ಸಿಕ್ಕಿಸಿದರೆ ಮದರ್‌ಬೋರ್ಡ್ ಇಲ್ಲದೆಯೂ ಸಪ್ಲೈ ಆನ್ ಆಗುತ್ತದೆ. ಆನ್ ಆಯಿತು. ಮಲ್ಟಿಮೀಟರ್ ಇಟ್ಟೆ. ಹಳದಿ ತಂತಿಯಲ್ಲಿ 12.07 ವೋಲ್ಟ್, ಕೆಂಪಿನಲ್ಲಿ 5.04, ಕಿತ್ತಳೆಯಲ್ಲಿ 3.33. ಕಂಪ್ಯೂಟರ್ ಪವರ್ ಸಪ್ಲೈಗಳಿಗೆ ಎಟಿಎಕ್ಸ್ ಅನ್ನುವ ನಿಯಮಾವಳಿ ಇದೆ. ನನ್ನ ಸಪ್ಲೈ ಬಂದ ಕಾಲದ ಆ ನಿಯಮದ ಪ್ರಕಾರ ಈ ಮೂರೂ ಶೇಕಡಾ 5ರಷ್ಟು ಮೇಲೆ ಕೆಳಗೆ ಆಗಬಹುದು. 12 ವೋಲ್ಟ್ ಅಂದರೆ 11.40ರಿಂದ 12.60ರ ಒಳಗೆ. ನನ್ನದು ಗೆರೆ ಎಳೆದ ಹಾಗೆ ನಡುವಲ್ಲಿತ್ತು.

ಮತ್ತೆ ಕಂಪ್ಯೂಟರಿಗೆ ಜೋಡಿಸಿ, ಮಾನಿಟರಿಂಗ್ ಸಾಫ್ಟ್‌ವೇರ್ ತೆರೆದರೆ ಅದು 12 ವೋಲ್ಟಿನ ಸಾಲು 11.23 ಅಂತ ತೋರಿಸಿತು! ಸಿಕ್ಕಿಬಿತ್ತು ಅಂದುಕೊಂಡೆ. ಅದೇ ಹೊತ್ತಿಗೆ ಖಾಲಿ ಇದ್ದ ಪೆರಿಫೆರಲ್ ಕನೆಕ್ಟರಿಗೆ ಮೀಟರ್ ಚುಚ್ಚಿ ನೋಡಿದೆ, 12.04. ಸಾಫ್ಟ್‌ವೇರ್ ತೋರಿಸುವುದು ಮದರ್‌ಬೋರ್ಡ್ ಮೇಲಿನ ಒಂದು ಚಿಪ್ ಓದುವ ಲೆಕ್ಕ. 12 ವೋಲ್ಟನ್ನು ಎರಡು ರೆಸಿಸ್ಟರ್‌ಗಳಿಂದ ಭಾಗಿಸಿ, ಸಣ್ಣದು ಮಾಡಿ, ಆ ಚಿಪ್‌ಗೆ ಕೊಟ್ಟಿರುತ್ತಾರೆ. ಭಾಗಿಸಿದ ಅನುಪಾತ ಸಾಫ್ಟ್‌ವೇರಿಗೆ ಸರಿಯಾಗಿ ಗೊತ್ತಿಲ್ಲದಿದ್ದರೆ ಬರುವ ಸಂಖ್ಯೆಯೂ ತಪ್ಪೇ. ಆ ಸಂಖ್ಯೆ ನಂಬಿ ಒಳ್ಳೆಯ ಸಪ್ಲೈಯನ್ನು ಎಸೆದವರು ಎಷ್ಟು ಜನವೋ ಅನ್ನಿಸಿತು.

ಹಾಗಂತ ಮೀಟರ್ ತೋರಿಸಿದ 12.07 ಕೂಡ ಪೂರ್ತಿ ಸತ್ಯ ಅಲ್ಲ. ಲೋಡ್ ಇಲ್ಲದೆ, ಅಂದರೆ ಕರೆಂಟ್ ಎಳೆಯುವುದು ಏನೂ ಇಲ್ಲದೆ ನಿಂತ ಸಪ್ಲೈ ಸರಿಯಾದ ವೋಲ್ಟೇಜ್ ಕೊಡುವುದರಲ್ಲಿ ದೊಡ್ಡ ವಿಷಯ ಏನೂ ಇಲ್ಲ. ಖಾಲಿ ಗಾಡಿಯನ್ನು ಯಾವ ಎತ್ತಾದರೂ ಎಳೆಯುತ್ತದೆ. ಇನ್ನೊಂದು, ಮಲ್ಟಿಮೀಟರ್ ತೋರಿಸುವುದು ಸರಾಸರಿ. ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ವೋಲ್ಟೇಜ್ ಮೇಲೆ ಕೆಳಗೆ ಕುಣಿಯುತ್ತಿದ್ದರೂ ಅದರ ಪರದೆ ಮೇಲೆ 12.07 ಅಂತಲೇ ನಿಂತಿರುತ್ತದೆ. ಹಾಗಾಗಿ ಲೋಡ್ ಹಾಕಿ, ಆಸಿಲ್ಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಇಟ್ಟು ನೋಡದೆ ತೀರ್ಮಾನಕ್ಕೆ ಬರುವ ಹಾಗಿರಲಿಲ್ಲ.

ಲೋಡ್‌ಗೆ ಎಲೆಕ್ಟ್ರಾನಿಕ್ ಲೋಡ್ ಎಂಬ ಉಪಕರಣವೇ ಇದೆ. ನನ್ನ ಹತ್ತಿರ ಇರಲಿಲ್ಲ. ಕಾರಿನ ಹೆಡ್‌ಲೈಟ್ ಬಲ್ಬ್ ಹಾಕೋಣ ಅಂತ ಮೊದಲು ಯೋಚಿಸಿದ್ದೆ. 55 ವ್ಯಾಟಿನ ಒಂದೊಂದು ಬಲ್ಬ್ ನಾಲ್ಕೂವರೆ ಆಂಪ್ ಎಳೆಯುತ್ತದೆ, ಸುಲಭವಾಗಿ ಸಿಗುತ್ತದೆ. ಆದರೆ ತಣ್ಣಗಿರುವ ಫಿಲಮೆಂಟಿನ ರೆಸಿಸ್ಟೆನ್ಸ್ ತುಂಬಾ ಕಡಿಮೆ. ಆನ್ ಮಾಡಿದ ಕ್ಷಣದಲ್ಲಿ ಹತ್ತು ಪಟ್ಟು ಕರೆಂಟ್ ಎಳೆದು ಸಪ್ಲೈಯ ರಕ್ಷಣೆಯನ್ನೇ ಟ್ರಿಪ್ ಮಾಡಿಸಬಹುದು. ಅದಕ್ಕೇ ಅಲ್ಯೂಮಿನಿಯಂ ಕವಚದ 100 ವ್ಯಾಟ್, 2.2 ಓಮ್ ರೆಸಿಸ್ಟರ್ ಹತ್ತು ತಂದೆ. ಎಂಟು 12 ವೋಲ್ಟಿಗೆ, ಒಂದು 5 ವೋಲ್ಟಿಗೆ, ಒಂದು 3.3ಕ್ಕೆ. 12 ವೋಲ್ಟಿನಲ್ಲಿ ಒಂದೊಂದೂ ಸುಮಾರು ಐದೂವರೆ ಆಂಪ್ ಎಳೆದು 65 ವ್ಯಾಟ್ ಶಾಖ ಮಾಡುತ್ತದೆ. ಎಲ್ಲವನ್ನೂ ಒಂದು ಅಗಲವಾದ ಹೀಟ್ ಸಿಂಕ್‌ಗೆ ಪೇಸ್ಟ್ ಹಚ್ಚಿ ಬಿಗಿದೆ. ಇಂಥ ರೆಸಿಸ್ಟರ್ ಮೇಲೆ 100 ವ್ಯಾಟ್ ಅಂತ ಬರೆದಿರುವುದು ಹೀಟ್ ಸಿಂಕ್ ಮೇಲೆ ಕೂತಾಗ ಮಾತ್ರ ನಿಜ. ಬರೀ ಟೇಬಲ್ ಮೇಲಿಟ್ಟರೆ ಅದರ ಅರ್ಧವನ್ನೂ ತಡೆಯುವುದಿಲ್ಲ. ತಂಪು ಮಾಡಲು ಎರಡು ಫ್ಯಾನ್ ಇಟ್ಟೆ, ಅವಕ್ಕೆ ಬೇರೆ ಅಡಾಪ್ಟರಿನಿಂದ ಕರೆಂಟ್ ಕೊಟ್ಟೆ. ಪರೀಕ್ಷೆ ಮಾಡುತ್ತಿರುವ ಸಪ್ಲೈಯಿಂದಲೇ ಕೊಟ್ಟರೆ ಲೆಕ್ಕ ತಪ್ಪುತ್ತದೆ, ಅಲ್ವಾ?

ತಂತಿಗಳನ್ನೂ ಹಂಚಬೇಕು. 43 ಆಂಪನ್ನು ಒಂದೇ ಜೋಡಿ ತಂತಿಯಲ್ಲಿ ಎಳೆದರೆ ಕನೆಕ್ಟರ್ ಕರಗುತ್ತದೆ. ಪ್ರೊಸೆಸರಿನ 8 ಪಿನ್ ಕೇಬಲ್ಲಿನಲ್ಲಿ ನಾಲ್ಕು ಹಳದಿ ತಂತಿ, ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿನಲ್ಲಿ ಮೂರು. ಅವುಗಳ ಮೇಲೆ ಲೋಡ್ ಸಮನಾಗಿ ಬೀಳುವ ಹಾಗೆ ಜೋಡಿಸಿದೆ.

ಮೊದಲ ಸಲ ಎಂಟೂ ರೆಸಿಸ್ಟರ್ ಹಾಕಿದಾಗ ಮೀಟರಿನಲ್ಲಿ 11.52 ಬಂತು. ಎದೆ ಒಮ್ಮೆ ಧಸಕ್ಕೆಂದಿತು. ಆಮೇಲೆ ನೋಡಿದರೆ ನಾನು ಅಳೆದದ್ದು ರೆಸಿಸ್ಟರಿನ ಕಾಲುಗಳ ಮೇಲೆ. ಕನೆಕ್ಟರಿನಿಂದ ಅಲ್ಲಿವರೆಗೆ ನಾನೇ ಎಳೆದ ಉದ್ದನೆಯ ತೆಳು ತಂತಿ ಇತ್ತು. ಉಳಿದ ವೋಲ್ಟೇಜ್ ಅದರಲ್ಲೇ ಕಳೆದುಹೋಗುತ್ತಿತ್ತು. ಮೀಟರಿನ ಮೊನೆಗಳನ್ನು ಕನೆಕ್ಟರಿನ ಹಿಂಬದಿಯಿಂದ ಪಿನ್ನಿಗೇ ತಾಗಿಸಿದರೆ 11.80. ನಿಯಮ ಕೇಳುವುದೂ ಕನೆಕ್ಟರಿನ ಹತ್ತಿರದ ವೋಲ್ಟೇಜನ್ನೇ. ನನ್ನ ತಂತಿಗಳನ್ನು ದಪ್ಪದ್ದಕ್ಕೆ ಬದಲಾಯಿಸಿ, ಗಿಡ್ಡ ಮಾಡಿ, ಸಡಿಲ ಇದ್ದ ಒಂದು ಪಿನ್ ಬಿಗಿ ಮಾಡಿದ ಮೇಲೆ ಕನೆಕ್ಟರಿನಲ್ಲೇ 11.90ಕ್ಕೆ ಬಂದು ನಿಂತಿತು. ಕರೆಂಟ್ ಜಾಸ್ತಿ ಇರುವಲ್ಲಿ ಅಳೆಯುವ ಜಾಗ ಒಂದು ಗೇಣು ಆಚೀಚೆ ಆದರೂ ಉತ್ತರ ಬೇರೆ.

ಹೇಗೂ ಎಲ್ಲ ಜೋಡಿಸಿದ್ದೇನೆ ಅಂತ ದಕ್ಷತೆಯನ್ನೂ ಅಳೆದೆ. ಗೋಡೆಯ ಪ್ಲಗ್‌ನಿಂದ ಎಷ್ಟು ವ್ಯಾಟ್ ಒಳಗೆ ಹೋಗುತ್ತದೆ, ಅದರಲ್ಲಿ ಎಷ್ಟು ಹೊರಗೆ ಬರುತ್ತದೆ, ಅಷ್ಟೇ ಲೆಕ್ಕ. ಒಳಗೆ ಹೋಗುವುದಕ್ಕೆ ಪ್ಲಗ್ ಮೀಟರ್. ಹೊರಗೆ ಬರುವುದಕ್ಕೆ ಕನೆಕ್ಟರಿನ ವೋಲ್ಟೇಜ್ ಗುಣಿಸು ಕರೆಂಟ್. ಕರೆಂಟಿಗೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಕಡಿಮೆ ಬೆಲೆಯ ಹಲವು ಕ್ಲ್ಯಾಂಪ್‌ಗಳು ಎಸಿ ಮಾತ್ರ ಅಳೆಯುತ್ತವೆ, ಕೊಳ್ಳುವಾಗ ನೋಡಿಕೊಳ್ಳಿ. ಡಿಸಿ ಕ್ಲ್ಯಾಂಪ್‌ನ ಕಬ್ಬಿಣದ ದವಡೆಯಲ್ಲಿ ಹಿಂದಿನ ಸಲದ ಕಾಂತತ್ವ ಸ್ವಲ್ಪ ಉಳಿದುಕೊಂಡಿರುತ್ತದೆ. ಪ್ರತಿ ಸಲವೂ ಸೊನ್ನೆಗೆ ತಂದೇ ಅಳೆಯಬೇಕು. ರೆಸಿಸ್ಟರ್ ಮೇಲೆ 2.2 ಅಂತ ಇದೆಯಲ್ಲ, ಅದರಿಂದಲೇ ಕರೆಂಟ್ ಲೆಕ್ಕ ಹಾಕಬಹುದಲ್ಲ ಅನ್ನಿಸಬಹುದು. ಆದರೆ ಆ 2.2ರಲ್ಲೇ ಶೇಕಡಾ 5ರಷ್ಟು ವ್ಯತ್ಯಾಸ ಇರಬಹುದು. ನಾವು ಹುಡುಕುತ್ತಿರುವುದು ಒಂದೆರಡು ಶೇಕಡಾ ವ್ಯತ್ಯಾಸವನ್ನು.

ಸುಮಾರು 15 ಶೇಕಡಾ ಲೋಡ್‌ನಲ್ಲಿ ಒಳಗೆ 97 ವ್ಯಾಟ್, ಹೊರಗೆ 82.6, ಅಂದರೆ ದಕ್ಷತೆ 85. ಅರ್ಧ ಲೋಡ್‌ನಲ್ಲಿ ಒಳಗೆ 311, ಹೊರಗೆ 278.6, ಅಂದರೆ 89.6. ಎಂಟೂ ರೆಸಿಸ್ಟರ್ ಹಾಕಿದಾಗ ಒಳಗೆ 609, ಹೊರಗೆ 531, ಅಂದರೆ 87.2. 115 ವೋಲ್ಟಿನಲ್ಲಿ ಪರೀಕ್ಷೆ ಮಾಡುವಾಗ ಗೋಲ್ಡ್ ಮುದ್ರೆಗೆ 20, 50, 100 ಶೇಕಡಾ ಲೋಡ್‌ಗಳಲ್ಲಿ ಕ್ರಮವಾಗಿ 87, 90, 87 ಬರಬೇಕು. ನನ್ನ ಪ್ಲಗ್ ಮೀಟರ್ ಶೇಕಡಾ ಒಂದರಷ್ಟು, ಕ್ಲ್ಯಾಂಪ್ ಶೇಕಡಾ ಎರಡರಷ್ಟು ತಪ್ಪಬಹುದು ಅಂತ ಅವುಗಳ ಕೈಪಿಡಿಯಲ್ಲೇ ಇದೆ. ಹಾಗಾಗಿ 89.6 ಅಂದರೆ ನಿಜದಲ್ಲಿ 87 ಇರಬಹುದು, 92ರ ಹತ್ತಿರವೂ ಇರಬಹುದು. ಮನೆಯಲ್ಲಿ ಅಳೆದು ‘ಗೋಲ್ಡ್ ಅಲ್ಲ, ಮೋಸ’ ಅನ್ನುವವರು ಮೊದಲು ತಮ್ಮ ಮೀಟರಿನ ತಪ್ಪನ್ನು ಕೂಡಿಸಿ ನೋಡಬೇಕು. ಪ್ಲಗ್ ಮೀಟರಿನಲ್ಲಿ ವ್ಯಾಟ್ ಅನ್ನೇ ಓದಬೇಕು ಅನ್ನುವುದೂ ಮುಖ್ಯ. ವೋಲ್ಟ್-ಆಂಪ್ ಅನ್ನುವ ಸಂಖ್ಯೆ ನಿಜವಾಗಿ ಖರ್ಚಾಗುವ ವ್ಯಾಟಿಗಿಂತ ಜಾಸ್ತಿ ಇರಬಹುದು, ಅದನ್ನು ಓದಿದರೆ ಕಡಿಮೆ ಲೋಡ್‌ನಲ್ಲಿ ದಕ್ಷತೆ ತೀರಾ ಕೆಳಗೆ ಬಿದ್ದ ಹಾಗೆ ಕಾಣುತ್ತದೆ. ನನ್ನದರಲ್ಲಿ 97 ವ್ಯಾಟಿಗೆ 108 ವೋಲ್ಟ್-ಆಂಪ್ ಇತ್ತು.

ಒಟ್ಟಿನಲ್ಲಿ ದಕ್ಷತೆ ಚೆನ್ನಾಗಿಯೇ ಇತ್ತು. ವೋಲ್ಟೇಜೂ ಕಡಿಮೆ ಲೋಡಿನ 12.06ರಿಂದ ಪೂರ್ಣ ಲೋಡಿನ 11.90ರವರೆಗೆ, ಅಂದರೆ ಸುಮಾರು 1.3 ಶೇಕಡಾ ಮಾತ್ರ ಇಳಿದಿತ್ತು. ಏಳು ವರ್ಷ ದುಡಿದದ್ದಕ್ಕೆ ಇದು ಶಹಬ್ಬಾಸ್ ಅನ್ನುವಂಥ ಫಲಿತಾಂಶ.

ಉಳಿದದ್ದು ರಿಪಲ್, ಅಂದರೆ ಡಿಸಿ ವೋಲ್ಟೇಜಿನ ಮೇಲೆ ಕುಣಿಯುವ ಸಣ್ಣ ಏರಿಳಿತ. ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಗೆಳೆಯನಿಂದ ಆಸಿಲ್ಲೋಸ್ಕೋಪ್ ತಂದೆ. ಅರ್ಧ ಲೋಡ್ ಹಾಕಿ, ಪ್ರೋಬಿನ (ಸ್ಕೋಪಿನ ಅಳೆಯುವ ಕಡ್ಡಿಯ) ಕಪ್ಪು ಕ್ಲಿಪ್ಪನ್ನು ಕಪ್ಪು ತಂತಿಗೆ ಸಿಕ್ಕಿಸಿ, ತುದಿಯನ್ನು ಹಳದಿಗೆ ಇಟ್ಟೆ. ಪರದೆ ತುಂಬಾ ಮುಳ್ಳು ಮುಳ್ಳು. ಮೇಲಿಂದ ಕೆಳಗೆ 210 ಮಿಲಿವೋಲ್ಟ್. 12 ವೋಲ್ಟಿಗೆ ಮಿತಿ 120. ಸಂತೋಷದಿಂದಲೇ ಗೆಳೆಯನಿಗೆ ಫೋನ್ ಮಾಡಿದೆ.

“ಸಿಕ್ತು ಕಣೋ, ಇನ್ನೂರ ಹತ್ತು ಬರ್ತಿದೆ.”

“ತಡಿ ತಡಿ. ಪ್ರೋಬ್ ತುದೀನ ಗ್ರೌಂಡಿಗೇ ಚುಚ್ಚಿ ನೋಡಿದ್ಯಾ?”

“ಗ್ರೌಂಡಿಗಾ? ಅಲ್ಲೇನಿರುತ್ತೆ?”

“ಏನೂ ಇರಬಾರದು. ಅದಕ್ಕೇ ನೋಡು ಅಂದಿದ್ದು.”

ಕಪ್ಪು ಕ್ಲಿಪ್ ಎಲ್ಲಿತ್ತೋ ಅಲ್ಲಿಗೇ ತುದಿಯನ್ನೂ ತಾಗಿಸಿದೆ. ಸೊನ್ನೆ ಬರಬೇಕಾದ ಜಾಗ. ಪರದೆ ಮೇಲೆ ಅದೇ ಮುಳ್ಳುಗಳು, 130 ಮಿಲಿವೋಲ್ಟ್! ಅಂದರೆ ನಾನು ಇಷ್ಟು ಹೊತ್ತು ನೋಡುತ್ತಿದ್ದದ್ದರಲ್ಲಿ ಜಾಸ್ತಿ ಪಾಲು ಸಪ್ಲೈಯದಲ್ಲ, ಪ್ರೋಬಿನದು. ಉದ್ದನೆಯ ಗ್ರೌಂಡ್ ತಂತಿ ಒಂದು ಕುಣಿಕೆಯ ಹಾಗೆ ನಿಂತು ಸುತ್ತಲಿನ ಗದ್ದಲವನ್ನೆಲ್ಲ ಹಿಡಿಯುತ್ತಿತ್ತು.

ಸರಿಯಾದ ಕ್ರಮ ಅವನೇ ಹೇಳಿಕೊಟ್ಟ. ಆ ಉದ್ದ ತಂತಿ ಕಳಚಿ, ಪ್ರೋಬಿನ ಮೂತಿಗೆ ಸುತ್ತುವ ಗಿಡ್ಡ ಸ್ಪ್ರಿಂಗ್ ಹಾಕಬೇಕು. ಅಳೆಯುವ ಜಾಗದಲ್ಲೇ 10 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಂದು, 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಒಂದು ಅಡ್ಡಲಾಗಿ ಹಾಕಬೇಕು. ಸ್ಕೋಪಿನಲ್ಲಿ 20 ಮೆಗಾಹರ್ಟ್ಸ್ ಮಿತಿ ಆನ್ ಮಾಡಬೇಕು. ಇದು ಅವನ ಸ್ವಂತ ಉಪಾಯ ಅಲ್ಲ, ಎಟಿಎಕ್ಸ್ ಸಪ್ಲೈಗಳಿಗೆ ಇಂಟೆಲ್ ಕೊಡುವ ವಿನ್ಯಾಸ ಕೈಪಿಡಿಯೇ ರಿಪಲ್ ಅಳೆಯಲು ಹೇಳುವ ರೀತಿ. ಇಷ್ಟು ಮಾಡಿ ಗ್ರೌಂಡಿಗೆ ಚುಚ್ಚಿದರೆ 6 ಮಿಲಿವೋಲ್ಟ್. ಈಗ ನಂಬಬಹುದು. ಹಳದಿಗೆ ಇಟ್ಟೆ, 62. ಪೂರ್ಣ ಲೋಡ್‌ನಲ್ಲಿ 91. ಮಿತಿಯೊಳಗೇ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಸ್ಕೋಪಿನ ಕಪ್ಪು ಕ್ಲಿಪ್ ಭೂಮಿಯ ತಂತಿಗೆ ಕೂಡಿರುತ್ತದೆ. ಅದನ್ನು ಹಳದಿಗೆ ಸಿಕ್ಕಿಸಿದರೆ ನೇರ ಶಾರ್ಟ್. ಸಪ್ಲೈಯ ಒಳಗೆ, ಮೇನ್ಸ್ ಕಡೆಗೆ ಅದನ್ನು ತೆಗೆದುಕೊಂಡು ಹೋಗಲೇಬಾರದು.

ಮೇನ್ಸ್ ಒಂದು ಕ್ಷಣ ಹೋದರೆ ಎಷ್ಟು ಹೊತ್ತು ತಡೆಯುತ್ತದೆ ಅಂತಲೂ ನೋಡಿದೆ. ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿ, ಅದರ 9 ವೋಲ್ಟನ್ನು ಸ್ಕೋಪಿನ ಎರಡನೇ ಚಾನೆಲ್‌ಗೆ ಕೊಟ್ಟೆ. ಬೋರ್ಡಿನ ಸ್ವಿಚ್ ಆಫ್ ಮಾಡಿದಾಗ ಆ ಅಲೆ ನಿಂತ ಜಾಗದಿಂದ ಬೂದು ತಂತಿಯ ‘ಪವರ್ ಓಕೆ’ ಸಂಕೇತ ಬೀಳುವವರೆಗೆ ಎಣಿಸಿದರೆ ಆಯಿತು. ಕನಿಷ್ಠ 16 ಮಿಲಿಸೆಕೆಂಡ್ ಇರಬೇಕು. 18 ಬಂತು. ಮೇನ್ಸ್ ಕಡೆಯ ದೊಡ್ಡ ಕೆಪಾಸಿಟರ್ ಗಟ್ಟಿಯಾಗಿದೆ ಅಂತಾಯಿತು.

ಇನ್ನು ಬಿಸಿ. ಹಳೆಯ ಸಾಮಾನು ಬಿಸಿಯಾದಾಗ ಕೈಕೊಡುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಪೂರ್ಣ ಲೋಡ್ ಹಾಕಿ ಎರಡು ಗಂಟೆ ಓಡಿಸಿದೆ. ಸಪ್ಲೈಯಿಂದ ಬರುವ ಗಾಳಿ ಮುಖಕ್ಕೆ ಹೊಡೆದರೆ ಒಲೆ ಮುಂದೆ ಕೂತ ಹಾಗಿತ್ತು. ಐದೈದು ನಿಮಿಷಕ್ಕೆ ರಿಪಲ್ ಬರೆದುಕೊಂಡೆ. 91, 88, 86, 85. ಏರುವುದಿರಲಿ, ಇಳಿಯುತ್ತಿತ್ತು. ಸಪ್ಲೈ ನಿರ್ದೋಷಿ ಅಂತ ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದೆ.

ರಾತ್ರಿ ಮಲಗಿದ ಮೇಲೆ ಆ ಇಳಿಯುತ್ತಿದ್ದ ಸಂಖ್ಯೆಗಳು ತಲೆಯಿಂದ ಹೋಗಲಿಲ್ಲ. ಯಾಕೆ ಇಳಿಯಬೇಕು? ಬಿಸಿಯಾದಷ್ಟೂ ಸುಧಾರಿಸುತ್ತಿದೆ ಅಂದರೆ, ತಣ್ಣಗಿದ್ದಾಗ ಹೇಗಿತ್ತು? ತಣ್ಣಗಿದ್ದಾಗ ನಾನು ಅಳೆದೇ ಇಲ್ಲ. ತಂತಿ ಬದಲಾಯಿಸುವುದು, ದಕ್ಷತೆ ಬರೆದುಕೊಳ್ಳುವುದು, ಪ್ರೋಬ್ ಸರಿ ಮಾಡುವುದು, ಇದೆಲ್ಲ ಮುಗಿದು ಮೊದಲ ಒಳ್ಳೆಯ ರಿಪಲ್ ಓದುವ ಹೊತ್ತಿಗೆ ಸಪ್ಲೈ ಒಂದು ಗಂಟೆ ಓಡಿ ಬೆಚ್ಚಗಾಗಿತ್ತು. ಕಂಪ್ಯೂಟರ್ ಸತ್ತು ಹುಟ್ಟುತ್ತಿದ್ದದ್ದು ಬೆಳಗಿನ ಮೊದಲ ಹತ್ತು ನಿಮಿಷದಲ್ಲಿ!

ಬೆಳಿಗ್ಗೆ ಎದ್ದವನೇ ಬೇರೇನೂ ಮಾಡದೆ ಮೇಜಿನ ಹತ್ತಿರ ಹೋದೆ. ಪ್ರೋಬ್ ಹಿಂದಿನ ದಿನ ಇಟ್ಟ ಹಾಗೇ ಇತ್ತು. ಎಂಟೂ ರೆಸಿಸ್ಟರ್ ಜೋಡಿಸಿಯೇ ಇದ್ದವು. ಸ್ಕೋಪ್ ಆನ್ ಮಾಡಿ, ಆಮೇಲೆ ಸಪ್ಲೈ ಆನ್ ಮಾಡಿದೆ. 196 ಮಿಲಿವೋಲ್ಟ್.

ಗ್ರೌಂಡಿಗೆ ಚುಚ್ಚಿ ನೋಡಿದೆ. 6. ಅಂದರೆ ಈ ಸಲ ಪ್ರೋಬ್ ಸುಳ್ಳು ಹೇಳುತ್ತಿಲ್ಲ.

ಅಲ್ಲೇ ನಿಂತು ನೋಡುತ್ತಾ ಇದ್ದೆ. ಎರಡನೇ ನಿಮಿಷಕ್ಕೆ 171. ಐದನೇ ನಿಮಿಷಕ್ಕೆ 139. ಒಂಬತ್ತನೇ ನಿಮಿಷ ಮುಗಿಯುವಾಗ 120ರ ಕೆಳಗೆ ಇಳಿಯಿತು. ಅರ್ಧ ಗಂಟೆಗೆ ಹಿಂದಿನ ದಿನದ 91. ಮಲ್ಟಿಮೀಟರ್ ಮಾತ್ರ ಪಕ್ಕದಲ್ಲಿ ಅಷ್ಟು ಹೊತ್ತೂ 11.90 ಅಂತಲೇ ತೋರಿಸುತ್ತಿತ್ತು.

ಹೊರಗೆ ಹೋಗುವ ಕಡೆ ಇರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಕೆಲಸವೇ ಈ ಏರಿಳಿತವನ್ನು ನುಂಗುವುದು. ಅವುಗಳ ಒಳಗೊಂದು ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಕೂತು ಅದು ನಿಧಾನವಾಗಿ ಒಣಗುತ್ತದೆ. ಒಣಗಿದಷ್ಟೂ ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್, ಇಎಸ್‌ಆರ್ ಅನ್ನುತ್ತಾರಲ್ಲ, ಅದು ಜಾಸ್ತಿಯಾಗುತ್ತದೆ. ಉಳಿದ ದ್ರವ ತಣ್ಣಗಿದ್ದಾಗ ಕರೆಂಟನ್ನು ಸರಾಗವಾಗಿ ಬಿಡುವುದಿಲ್ಲ, ಬೆಚ್ಚಗಾದರೆ ಬಿಡುತ್ತದೆ. ಹೊಸ ಕೆಪಾಸಿಟರಿನಲ್ಲೂ ಈ ವ್ಯತ್ಯಾಸ ಇದೆ, ಗೊತ್ತಾಗುವಷ್ಟು ಇರುವುದಿಲ್ಲ. ಒಣಗಿದ್ದರಲ್ಲಿ ಎದ್ದು ಕಾಣುತ್ತದೆ. ಘನ ಪಾಲಿಮರ್ ಕೆಪಾಸಿಟರ್‌ಗಳಲ್ಲಿ ದ್ರವವೇ ಇಲ್ಲದ್ದರಿಂದ ಈ ಗೋಳು ಇಲ್ಲ.

ರಿಪಲ್ ಜಾಸ್ತಿಯಾದರೆ ಮಾತ್ರಕ್ಕೆ ಕಂಪ್ಯೂಟರ್ ರಿಸ್ಟಾರ್ಟ್ ಆಗುತ್ತಾ ಅನ್ನುವ ಅನುಮಾನ ಉಳಿದಿತ್ತು. ಮದರ್‌ಬೋರ್ಡ್ ಮೇಲೆಯೂ ಸೋಸುವ ಕೆಪಾಸಿಟರ್‌ಗಳು ಇರುತ್ತವೆ. ನಿಜವಾದ ಗ್ರಾಫಿಕ್ಸ್ ಕಾರ್ಡ್ ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ, ಮಿಲಿಸೆಕೆಂಡುಗಳಲ್ಲಿ ಏರಿ ಇಳಿಯುತ್ತದೆ. 2022ರ ಎಟಿಎಕ್ಸ್ 3.0 ನಿಯಮದಲ್ಲಿ ಈ ಹಠಾತ್ ಏರಿಕೆಗಳಿಗೇ ಪ್ರತ್ಯೇಕ ಷರತ್ತು ಸೇರಿಸಿದ್ದು ಅದಕ್ಕೇ. ನಾಲ್ಕು ರೆಸಿಸ್ಟರ್‌ಗಳನ್ನು ಒಂದು ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಮೂಲಕ ಸೆಕೆಂಡಿಗೆ ನೂರು ಸಲ ಆನ್ ಆಫ್ ಮಾಡುವ ಹಾಗೆ ಕಟ್ಟಿದೆ. ರೆಸಿಸ್ಟರ್ ಒಳಗೆ ಸುತ್ತಿದ ತಂತಿ ಇರುವುದರಿಂದ ಆಫ್ ಆದಾಗ ಅದು ವೋಲ್ಟೇಜನ್ನು ಒದೆಯುತ್ತದೆ. ಮಾಸ್‌ಫೆಟ್ ಸುಡದಿರಲಿ ಅಂತ ರೆಸಿಸ್ಟರ್‌ಗಳಿಗೆ ಅಡ್ಡವಾಗಿ ಒಂದು ಡಯೋಡ್ ಹಾಕಿದೆ. ಮಾರನೆಯ ಬೆಳಿಗ್ಗೆ ಮತ್ತೆ ತಣ್ಣನೆಯ ಸಪ್ಲೈ. ಲೋಡ್ ಏರಿದ ಪ್ರತಿ ಸಲವೂ ವೋಲ್ಟೇಜ್ ಒಂದು ಕ್ಷಣ 11.21ಕ್ಕೆ ಕುಸಿದು ಮೇಲೆ ಬರುತ್ತಿತ್ತು. ಮಿತಿ 11.40. ಬೆಚ್ಚಗಾದ ಮೇಲೆ ಅದೇ ಪರೀಕ್ಷೆಯಲ್ಲಿ 11.62ಕ್ಕಿಂತ ಕೆಳಗೆ ಇಳಿಯಲಿಲ್ಲ. ಅನುಮಾನ ಅಲ್ಲಿಗೆ ತೀರಿತು.

ಮುಚ್ಚಳ ಬಿಚ್ಚಿದ್ದು ಕೊನೆಗೆ, ಗೆಳೆಯನ ಮೇಜಿನ ಮೇಲೆ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 380 ವೋಲ್ಟಿನ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಜೀವ ತೆಗೆಯಬಹುದು. ಅದನ್ನು ಅಳೆದು, ಖಾಲಿ ಮಾಡಿ, ಮತ್ತೆ ಅಳೆದು ನೋಡಿದ ಮೇಲೆಯೇ ಅವನು ನನಗೆ ಕೈ ಹಾಕಲು ಬಿಟ್ಟದ್ದು. ಅಭ್ಯಾಸ ಇಲ್ಲದವರು ಬಿಚ್ಚುವುದೇ ಬೇಡ.

12 ವೋಲ್ಟ್ ಕಡೆಯ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿ, ಅಚ್ಚುಕಟ್ಟಾಗಿ ಇತ್ತು. ಉಬ್ಬಿಲ್ಲ, ಸೋರಿಲ್ಲ, ಕಲೆಯಿಲ್ಲ. ನೋಡಿದವರು ಯಾರೂ ಹಾಳಾಗಿದೆ ಅನ್ನುತ್ತಿರಲಿಲ್ಲ. ಒಂದನ್ನು ಸೋಲ್ಡರ್ ಬಿಡಿಸಿ ಇಎಸ್‌ಆರ್ ಮೀಟರಿಗೆ ಹಾಕಿದ. 0.21 ಓಮ್. ಡ್ರಾಯರಿನಿಂದ ಅದೇ ಅಳತೆಯ ಹೊಸದೊಂದನ್ನು ತೆಗೆದು ಹಾಕಿದ. 0.02. ಆಮೇಲೆ ಹಳೆಯದಕ್ಕೆ ಹಾಟ್ ಏರ್ ಗನ್ನಿನಿಂದ ದೂರದಿಂದ ಸ್ವಲ್ಪ ಬಿಸಿಗಾಳಿ ತೋರಿಸಿದ. ನಮ್ಮ ಕಣ್ಣೆದುರೇ ಸಂಖ್ಯೆ 0.21ರಿಂದ 0.15, 0.11, 0.08 ಅಂತ ಇಳಿಯುತ್ತಾ ಹೋಯಿತು. ಗಾಳಿ ನಿಲ್ಲಿಸಿದ ಮೇಲೆ ನಿಧಾನವಾಗಿ ಮತ್ತೆ ಏರಿತು. ಎರಡು ವಾರ ಹುಡುಕಿದ್ದು ಹೆಬ್ಬೆರಳಿನಷ್ಟು ದಪ್ಪದ ಡಬ್ಬಿಯೊಳಗೆ ಕೂತಿತ್ತು.

ಕೆಪಾಸಿಟರ್ ಬದಲಾಯಿಸಿ ಅದನ್ನೇ ವಾಪಸ್ ಹಾಕಬಹುದಿತ್ತು. ನಾನು ಹಾಕಲಿಲ್ಲ. ಆ ಎರಡು ಮೂರು ಒಣಗಿದ್ದರೆ ಅದೇ ಬಿಸಿಯಲ್ಲಿ ಕೂತ ಉಳಿದವೂ ಅದೇ ದಾರಿಯಲ್ಲಿರುತ್ತವೆ. ದುಬಾರಿ ಕಾರ್ಡ್ ಒಂದನ್ನು ಅದರ ನಂಬಿಕೆ ಮೇಲೆ ಬಿಡಲು ಮನಸ್ಸಾಗಲಿಲ್ಲ.

ಹೊಸ ಸಪ್ಲೈ ಬಂದ ದಿನ ಅದನ್ನು ಕಂಪ್ಯೂಟರಿಗೆ ಹಾಕದೆ ರೆಸಿಸ್ಟರ್ ಮೇಜಿನ ಮೇಲೆಯೇ ರಾತ್ರಿ ಇಟ್ಟೆ. ಬೆಳಿಗ್ಗೆ ತಣ್ಣಗಿರುವಾಗಲೇ ಪೂರ್ಣ ಲೋಡ್‌ನಲ್ಲಿ ಅಳೆದೆ, 31 ಮಿಲಿವೋಲ್ಟ್. ಎರಡು ಗಂಟೆ ಆದ ಮೇಲೆ 28. ಲೋಡ್ ಕುಣಿಸಿದಾಗ ಅತಿ ಕೆಳಗೆ ಹೋದದ್ದು 11.84. ಈ ಮೂರು ಸಂಖ್ಯೆ, ತಾರೀಖು, ಕೋಣೆಯ ಉಷ್ಣತೆ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಕೆಳಗೆ ಮುಂದಿನ ವರ್ಷಗಳ ಅಳತೆಗೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ.